ಪದ ಪರಿಚಯ: ಆರದ ಪಿತ್ತಗಂಧೆ

ಮೈಮೇಲೆ ಕೆಂಪಗೆ ಗಂಧೆ ಎದ್ದು ತುರಿಸತೊಡಗಿದರೆ ಶಿರಸಿ ಕಡೆ 'ಪಿತ್ತ ಎದ್ದಿದೆ' ಎನ್ನುತ್ತಾರೆ, ಮುರುಗಲ ನೀರು ಹಚ್ಚುತ್ತಾರೆ. ವೈದ್ಯರ ಚೀಟಿಯಲ್ಲಿ ಅದೇ ಅರ್ಟಿಕೇರಿಯಾ. ಪಿತ್ತರಸದ ಪಾತ್ರ ಇದರಲ್ಲಿಲ್ಲ. ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಟ್ಟಾಗ ಸಣ್ಣ ರಕ್ತನಾಳಗಳಿಂದ ದ್ರವ ಜಿನುಗಿ ಚರ್ಮ ಉಬ್ಬುತ್ತದೆ. 6 ವಾರ ದಾಟಿಯೂ ಬಂದುಹೋಗುತ್ತಿದ್ದರೆ ಅದು ದೀರ್ಘಕಾಲದ್ದು, ಅಂದರೆ ಆರದ ಪಿತ್ತಗಂಧೆ.

ಅದರಲ್ಲೂ ಕೆಲವು ವಿಚಿತ್ರ. ಕಾಲಹಗ್ಗ ಹಾಕಿ ದಿನವಿಡೀ ಅಡಿಕೆ ಮರ ಹತ್ತಿದ ಕೊನೆಗೌಡನಿಗೆ ರಾತ್ರಿ ಅಂಗಾಲು ಬಾತು ನೋಯುತ್ತದೆ ಎಂದುಕೊಳ್ಳಿ. ಒತ್ತಡದ ಗಂಧೆ ಏಳುವುದು ಒತ್ತು ಬಿದ್ದ 4ರಿಂದ 6 ಗಂಟೆ ಬಳಿಕ. ಹಾಗಾಗಿ ಹಗ್ಗದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಬೈಗುಳವೆಲ್ಲ ರಾತ್ರಿಯ ಮೀನಿಗೆ. ಪರೀಕ್ಷೆಗೆ ಹೆಗಲಿಗೆ 7 ಕಿಲೋ ತೂಕವನ್ನು 15 ನಿಮಿಷ ತೂಗುಹಾಕಿ, 6 ಗಂಟೆ ಬಿಟ್ಟು ನೋಡುತ್ತಾರೆ.

ಕಾರವಾರದ ಬೈತಖೋಲ್ ಮೀನು ಬಂದರಿನಲ್ಲಿ ಐಸ್ ಮುಟ್ಟಿದಾಗಲೆಲ್ಲ ಕೈ ಉಬ್ಬಿದರೆ ಚಳಿಯ ಗಂಧೆ ಇರಬಹುದು. ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐಸನ್ನು ಮುಂಗೈ ಮೇಲೆ 5 ನಿಮಿಷ ಇಟ್ಟು ತೆಗೆದು, 10 ನಿಮಿಷಕ್ಕೆ ನೋಡುವುದು ಕ್ರಮ. ಇದು ಕ್ಲಿನಿಕ್ಕಿನಲ್ಲೇ ಆಗಬೇಕು. ಇಂಥವರು ತಣ್ಣೀರಿಗೆ ಧುಮುಕಿದರೆ ರಕ್ತದೊತ್ತಡ ಕುಸಿದು ಮುಳುಗುವ ಅಪಾಯವಿದೆ. ಹಿಂದಿನ ದಿನ ಅಲರ್ಜಿ ಮಾತ್ರೆ ಸೆಟಿರಿಜಿನ್ ನುಂಗಿ ಹೋದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ವೈದ್ಯರನ್ನು ಕೇಳಿ ಸುಮಾರು 3 ದಿನ ಮೊದಲೇ ನಿಲ್ಲಿಸಬೇಕು.

'ನೀರೇ ಆಗುವುದಿಲ್ಲ' ಎನ್ನುವವರಲ್ಲಿ ಹೆಚ್ಚಿನವರದು ಬೆವರಿನ ಗಂಧೆ: ಗುಂಡುಸೂಜಿ ತಲೆಯಷ್ಟು ಸಣ್ಣದು, ಬಿಸಿನೀರ ಸ್ನಾನದಲ್ಲೋ ಕಾರವಾರದ ಮೇ ಸೆಕೆಯಲ್ಲೋ ಎದ್ದು ಗಂಟೆಯೊಳಗೆ ಮಾಯ. ನಿಜವಾದ ನೀರಿನ ಗಂಧೆ ಬಲು ಅಪರೂಪ. ಅದಾದರೆ ಮೈಬಿಸಿಯಷ್ಟೇ ಬೆಚ್ಚಗಿನ ಒದ್ದೆ ಬಟ್ಟೆಗೂ ಏಳುತ್ತದೆ.

ಇವೆಲ್ಲಕ್ಕಿಂತ ತಪ್ಪಿಸಬಾರದ್ದು ರಕ್ತನಾಳದ ಉರಿಯೂತದಿಂದ ಬರುವ ಗಂಧೆ. ಸಾಮಾನ್ಯ ಗಂಧೆ ಒಂದು ಜಾಗದಲ್ಲಿ 24 ಗಂಟೆ ನಿಲ್ಲುವುದಿಲ್ಲ, ಕಲೆಯೂ ಉಳಿಸುವುದಿಲ್ಲ. ಉರಿಯೂತದ ಗಂಧೆ ಅಲ್ಲೇ ಉಳಿಯುತ್ತದೆ, ತುರಿಕೆಗಿಂತ ಹೆಚ್ಚು ಉರಿಯುತ್ತದೆ, ಕಂದಿದ ಗುರುತು ಬಿಡುತ್ತದೆ. ಖರ್ಚಿಲ್ಲದ ಉಪಾಯವೆಂದರೆ, ಹೊಸ ಗಂಧೆಯ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆದಿಡಿ, ಫೋಟೋ ತೆಗೆಯಿರಿ, ಮರುದಿನ ಅದೇ ಹೊತ್ತಿಗೆ ನೋಡಿ. ಗೆರೆಯೊಳಗೆ ಇನ್ನೂ ಉಬ್ಬಿದ್ದರೆ ಆ ಜಾಗದ ಚರ್ಮದ ತುಣುಕು ಪರೀಕ್ಷೆಗೆ ಹೋಗಬೇಕು, ಜೊತೆಗೆ ರಕ್ತದಲ್ಲಿ ಸಿ3, ಸಿ4 ಎಂಬ ರೋಗನಿರೋಧಕ ಪ್ರೋಟೀನುಗಳ ಪ್ರಮಾಣ ನೋಡಬೇಕು. ಅವು ಇಳಿದಿದ್ದರೆ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇದೆಯೇ ಎಂದು ಹುಡುಕುತ್ತಾರೆ.