ಮಂಗಳೂರಿನ ಅಳಿವೆ: ಮರಳು ತೆರೆದ ಬಂದರು, ಮರಳೇ ಕಟ್ಟಿದ ದಾರಿ

ಗುರುಪುರ ಹೊಳೆಯದು ವಿಚಿತ್ರ ನಡೆ. ಕಡಲಿಗೆ ಕಲ್ಲೆಸೆಯುವಷ್ಟು ಹತ್ತಿರ ಬಂದರೂ ಅದು ಕಡಲನ್ನು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ ತಣ್ಣೀರುಬಾವಿ, ಬೆಂಗ್ರೆಯ ಮರಳುಪಟ್ಟಿಯ ಹಿಂದೆಯೇ ಹರಿಯುತ್ತದೆ. ಕೊನೆಗೆ ನೇತ್ರಾವತಿ ಹೊಳೆಯನ್ನು ಕೂಡಿಕೊಂಡು, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಕಡಲಿಗಿಳಿಯುತ್ತದೆ. ಹೊಳೆಗಳು ಘಟ್ಟದಿಂದ ತಂದ ಮರಳನ್ನು ಅಲೆಗಳು ದಡದುದ್ದಕ್ಕೂ ಎಳೆದು ಹಾಕಿದ್ದರಿಂದ ಆದ ಪಟ್ಟಿ ಅದು. ಅದರ ಮರೆಯಲ್ಲಿ ನೀರು ಶಾಂತ. ಮಂಗಳೂರು ಬಂದರಾಗಿದ್ದು ಇದರಿಂದಲೇ.

14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಮಲಬಾರಿನಲ್ಲೇ ಅತಿ ದೊಡ್ಡ ಅಳಿವೆ ಇದೆಂದು ಬರೆದ. ಪರ್ಷಿಯಾ, ಯೆಮನ್ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು. ಕಾಳುಮೆಣಸು, ಶುಂಠಿ ಧಾರಾಳವಾಗಿ ಸಿಗುತ್ತಿತ್ತು. ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗಬಾರದೆಂದು ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ಬೋಳೂರಿನಲ್ಲಿದೆ. 1865ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಹೊಳೆ ಬದಿಯ ಜೇಡಿಮಣ್ಣೇ ಸುಟ್ಟು ಹೆಂಚಾಗಿ ದೂರದೂರದ ಮನೆಗಳ ಮಾಡು ಏರಿತು.

ಅಳಿವೆ ಬಾಗಿಲಲ್ಲಿ ಮಾತ್ರ ಅದೇ ಮರಳು ತೊಡಕು. ಅಲ್ಲಿ ಆಳ ಕಡಿಮೆ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು, ಸರಕು ಸಣ್ಣ ದೋಣಿಗಳಲ್ಲಿ ಓಡಾಡುತ್ತಿತ್ತು. ಕೊನೆಗೆ ಪಣಂಬೂರಿನಲ್ಲಿ ಅಗೆದು ಹೊಸ ಬಂದರು ಮಾಡಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಹಾಗಂತ ಹಳೆ ಬಂದರು ಸುಮ್ಮನೆ ಕೂತಿಲ್ಲ. ದಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಮೀನಿನ ಬೋಟುಗಳ ಗದ್ದಲ, ಪಕ್ಕದಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬಿಕೊಳ್ಳುವ ಮಂಜಿ ಎಂಬ ಮರದ ಹಡಗುಗಳು.

ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಇಲ್ಲಿ ಭರತ, ಅಂದರೆ ಕಡಲಿನ ಉಬ್ಬರ, ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಜಾಸ್ತಿ. ಉಪ್ಪು ನೀರು ಭಾರ, ಹಾಗಾಗಿ ಸಿಹಿ ನೀರಿನ ಅಡಿಯಿಂದ ನುಸುಳಿ ಮೇಲಕ್ಕೆ ಸಾಗುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಇನ್ನೂ ದೂರ ಹೋಗುತ್ತದೆ. ಊರಿನ ಕುಡಿಯುವ ನೀರಿನ ಅಣೆಕಟ್ಟು ಅಷ್ಟು ಮೇಲೆ, ತುಂಬೆಯಲ್ಲಿರುವುದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ಲೆಕ್ಕ ತಿರುಗುಮುರುಗು: ಕೆಂಪು ನೆರೆನೀರು ಉಪ್ಪನ್ನು ಬಾಗಿಲಾಚೆ ತಳ್ಳುತ್ತದೆ. ಕೆಸರು ಮರಳಿನಲ್ಲಿ ಹೂತಿರುವ ಮರುವಾಯಿ ಎಂಬ ಚಿಪ್ಪುಜೀವಿ ಆಗ ಎರಡೂ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಉಪ್ಪು ಮರಳಿದ ಮೇಲೆ ಚಿಪ್ಪು ಬಿಡಿಸಿ ನೀರು ಹೀರಿ, ಅದರಲ್ಲಿನ ಸಣ್ಣ ಪಾಚಿಯನ್ನು ಸೋಸಿ ತಿನ್ನುತ್ತದೆ.

ನನಗೆ ಚಿಂತೆ ಮರಳಿನದೇ. ಬಾಗಿಲಲ್ಲಿ ಹೂಳು ತೆಗೆಯಬೇಕು, ನಿಜ. ಆದರೆ ಮೇಲೆ ಹೊಳೆಯಲ್ಲೇ ಮರಳು ಬಗೆದರೆ ಕಡಲ ದಡಕ್ಕೆ ಬರಬೇಕಾದ ಪಾಲು ಕಡಿಮೆಯಾಗುತ್ತದೆ ಅಲ್ವಾ? ಉಳ್ಳಾಲದಲ್ಲಿ ಕಡಲು ಮನೆಗಳ ಹತ್ತಿರ ಬಂದಿದೆ. ನೇತ್ರಾವತಿಯ ನಡುವಿನ ಪಾವೂರು ಉಳಿಯ ಕುದ್ರು ಎಂಬ ನಡುಗಡ್ಡೆಯವರು ತಮ್ಮ ನೆಲ ಕುಸಿಯುತ್ತಿದೆ, ಮರಳು ತೆಗೆಯುವುದನ್ನು ನಿಲ್ಲಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ.