1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತಾ?

ಪ್ರಶ್ನೆ: ಸ್ವಾತಂತ್ರ್ಯ ಬಂದ ದಿನ ಒಂದು ರೂಪಾಯಿಯೂ ಒಂದು ಡಾಲರೂ ಸಮ ಇದ್ದವಂತೆ. ನಿಜವೇ? ಹಾಗಿದ್ದರೆ ಆಮೇಲೆ ಇಷ್ಟು ಬಿದ್ದಿದ್ದು ಹೇಗೆ?

ನಿಜ ಅಲ್ಲ. 1947ರ ಆಗಸ್ಟ್‌ನಲ್ಲಿ ಒಂದು ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಆಗುತ್ತಿತ್ತು (ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಪ್ರತಿ ಆಗಸ್ಟ್ 15ರ ಹೊತ್ತಿಗೆ ವಾಟ್ಸ್ಯಾಪ್‌ನಲ್ಲಿ ಈ ಸಮ-ಸಮದ ಕಥೆ ಒಂದು ಸುತ್ತು ಹೊಡೆದು ಬರುತ್ತದೆ. ಎಷ್ಟು ಸಲ ಅಳಿಸಿದರೂ ಮುಂದಿನ ವರ್ಷ ಹಾಜರ್.

ಆ 3 ರೂಪಾಯಿ 5 ಆಣೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಆಗ ರೂಪಾಯಿಗೂ ಡಾಲರಿಗೂ ನೇರ ನಂಟೇ ಇರಲಿಲ್ಲ. ರೂಪಾಯಿಯನ್ನು ಕಟ್ಟಿದ್ದು ಬ್ರಿಟನ್ನಿನ ಪೌಂಡಿಗೆ. 1927ರ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಅಂದರೆ 1 ಷಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಆಗಿನ ಒಂದು ಪೌಂಡಿಗೆ 240 ಪೆನ್ಸ್. ಭಾಗಿಸಿದರೆ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅತ್ತ ಒಂದು ಪೌಂಡಿಗೆ 4.03 ಡಾಲರ್ ಅಂತ ಗೊತ್ತಾಗಿತ್ತು. ಇನ್ನೊಮ್ಮೆ ಭಾಗಿಸಿ, ಡಾಲರಿನ ದರ ಬಂತು. ಪೌಂಡ್ ಎತ್ತ ಹೋದರೆ ರೂಪಾಯಿಯೂ ಅತ್ತ, ಅಷ್ಟೇ.

‘ಆಗ ದೇಶದ ಮೇಲೆ ಸಾಲ ಇರಲಿಲ್ಲ, ಅದಕ್ಕೇ ಎರಡೂ ಸಮ ಇದ್ದವು’ ಅಂತ ಆ ಸಂದೇಶದಲ್ಲಿ ಒಂದು ಕಾರಣವೂ ಇರುತ್ತದೆ. ಸಾಲ ಇರಲಿಲ್ಲ ಅನ್ನುವುದಕ್ಕಿಂತ, ಬ್ರಿಟನ್ನೇ ನಮಗೆ ಕೊಡಬೇಕಿತ್ತು. ಎರಡನೇ ಮಹಾಯುದ್ಧಕ್ಕೆ ಭಾರತದಿಂದ ಪಡೆದ ಸಾಮಾನು, ಸೈನ್ಯದ ಖರ್ಚು ಎಲ್ಲ ಸೇರಿ ಲಂಡನ್ನಿನಲ್ಲಿ ನಮ್ಮ ಲೆಕ್ಕಕ್ಕೆ 116 ಕೋಟಿ ಪೌಂಡ್ ಜಮೆಯಾಗಿತ್ತು. ಆದರೂ ಡಾಲರ್ ಒಂದು ರೂಪಾಯಿಗೆ ಸಿಗಲಿಲ್ಲ. ದರ ನಿಂತಿದ್ದು ಕಾಯ್ದೆಯ ಮೇಲೆ, ಸಾಲದ ಮೇಲೆ ಅಲ್ಲವಲ್ಲ.

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡನ್ನು 4.03ರಿಂದ 2.80 ಡಾಲರಿಗೆ ಇಳಿಸಿತು. ನಾವೂ ಹಿಂದೆಯೇ ಇಳಿದೆವು. ಡಾಲರ್ 4 ರೂಪಾಯಿ 76 ಪೈಸೆಯ ಲೆಕ್ಕಕ್ಕೆ ಬಂತು. ಪಾಕಿಸ್ತಾನ ಮಾತ್ರ ಇಳಿಸುವುದಿಲ್ಲ ಅಂತ ಹಟ ಹಿಡಿಯಿತು. ಅದರ 100 ರೂಪಾಯಿ ಬೇಕಾದರೆ ನಾವು 144 ಕೊಡಬೇಕು! ಭಾರತ ಒಪ್ಪಲಿಲ್ಲ, ವ್ಯಾಪಾರ ನಿಂತುಹೋಯಿತು, ಕಲ್ಕತ್ತೆಯ ಸೆಣಬಿನ ಮಿಲ್ಲುಗಳು ಆಗ ಪಾಕಿಸ್ತಾನಕ್ಕೆ ಸೇರಿದ್ದ ಪೂರ್ವ ಬಂಗಾಳದ ಸೆಣಬಿಗೆ ಬಾಯಿ ಬಿಡುವಂತಾಯಿತು.

ನಮ್ಮ ದೇಶದಲ್ಲಿ ಜಾಸ್ತಿ ಗದ್ದಲ ಎಬ್ಬಿಸಿದ್ದು 1966ರ ಇಳಿಕೆ. ಹಿಂದಿನ ವರ್ಷ ಪಾಕಿಸ್ತಾನದ ಜೊತೆ ಯುದ್ಧ, ಮೇಲೆ ಬರಗಾಲ. ಹೊರಗಿನ ನೆರವು ನಿಂತಿತ್ತು, ಗೋಧಿಗೆ ಅಮೆರಿಕದ ಹಡಗು ಕಾಯುವ ಪರಿಸ್ಥಿತಿ. ನೆರವು ಬೇಕಾದರೆ ರೂಪಾಯಿ ಇಳಿಸಿ ಅಂತ ವಿಶ್ವಬ್ಯಾಂಕಿನ ಒತ್ತಡವೂ ಇತ್ತು. ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಡಾಲರ್ ದರವನ್ನು 4.76ರಿಂದ 7.50ಕ್ಕೆ ತಂದಿತು. ಈ ಇಳಿಕೆಯನ್ನು ಒಬ್ಬರು 36.5% ಅಂತ ಬರೆಯುತ್ತಾರೆ, ಇನ್ನೊಬ್ಬರು 57.5% ಅಂತ. ಯಾರೂ ತಪ್ಪು ಹೇಳುತ್ತಿಲ್ಲ. ಒಂದು ರೂಪಾಯಿಗೆ ಸಿಗುತ್ತಿದ್ದ 21 ಸೆಂಟ್ 13.33ಕ್ಕೆ ಬಂದದ್ದನ್ನು ನೋಡಿದರೆ 36.5% ಕಡಿಮೆ. ಡಾಲರ್ ಕೊಳ್ಳುವವನ ಜೇಬು ನೋಡಿದರೆ 57.5% ಜಾಸ್ತಿ. ಹಳೇ ಅಂಕಿ ಓದುವಾಗ ಯಾವ ಕಡೆಯಿಂದ ಅಳೆದಿದ್ದಾರೆ ಅಂತ ಮೊದಲು ನೋಡಿಕೊಳ್ಳಿ.

ಆ ಪೆಟ್ಟು ಕೊಲ್ಲಿ ನಾಡಿಗೂ ತಾಗಿತು. ದುಬೈ, ಕತಾರ್‌ಗಳಲ್ಲಿ ಆಗ ಚಲಾವಣೆಯಲ್ಲಿದ್ದದ್ದು ಭಾರತದ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿದ ಗಲ್ಫ್ ರೂಪಾಯಿ. 1966ರ ನಂತರ ಅಲ್ಲಿನವರು ಅದನ್ನು ಕೈಬಿಟ್ಟರು. ಮುಂದೆ ಮಂಗಳೂರು, ಭಟ್ಕಳದ ಕಡೆಯವರು ದುಡಿದು ಕಳಿಸಿದ್ದು ದಿರ್ಹಮ್, ರಿಯಾಲ್.

ಆಮೇಲಿನದು ನಿಮಗೆ ಹೆಚ್ಚುಕಡಿಮೆ ಗೊತ್ತಿರುವುದೇ. 1975ರಲ್ಲಿ ಪೌಂಡಿನ ಗಂಟು ಬಿಚ್ಚಿತು. 1991ರಲ್ಲಿ ಚಿನ್ನ ಒತ್ತೆ ಇಟ್ಟ ಬೇಸಿಗೆ. ಜುಲೈ 1ಕ್ಕೊಮ್ಮೆ, 3ಕ್ಕೊಮ್ಮೆ ಇಳಿಸಿ ಡಾಲರ್ 21ರಿಂದ 26ರ ಹತ್ತಿರಕ್ಕೆ ಬಂತು. 1993ರಿಂದ ದರ ತೀರ್ಮಾನಿಸುವುದು ಮಾರುಕಟ್ಟೆ. ರಿಸರ್ವ್ ಬ್ಯಾಂಕ್ ಆಗಾಗ ಕೈ ಹಾಕುತ್ತದೆ, ಅದು ಬೇರೆ ಮಾತು. 2022ರಲ್ಲಿ 80 ದಾಟಿತು.

ಇಳಿದಿದ್ದು ಹೌದು. ಆದರೆ ದರದ ಅಂಕಿ ನೋಡಿ ದೇಶದ ಬಲ ಅಳೆಯಲು ಹೋಗಬೇಡಿ. ಜಪಾನ್ 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಅಂತ ಇಟ್ಟುಕೊಂಡೇ ಜಗತ್ತಿನ ದೊಡ್ಡ ಕೈಗಾರಿಕಾ ದೇಶವಾಯಿತು. ಅಲ್ಲಿ ಯಾರೂ ಯೆನ್ ಡಾಲರಿಗೆ ಸಮ ಆಗಲಿ ಅಂತ ಕೂತಿರಲಿಲ್ಲ.

ಹಾಗಾದರೆ ರೂಪಾಯಿ ಡಾಲರಿಗೆ ಸಮ ಯಾವತ್ತೂ ಆಗಿಯೇ ಇಲ್ವಾ? ಬೆಳ್ಳಿ ತೂಗಿ ನೋಡಿದರೆ ಇಲ್ಲ. ಹಳೇ ರೂಪಾಯಿಯಲ್ಲಿ 10.7 ಗ್ರಾಂ ಶುದ್ಧ ಬೆಳ್ಳಿ, ಅಮೆರಿಕದ ಬೆಳ್ಳಿ ಡಾಲರಿನಲ್ಲಿ 24 ಗ್ರಾಂ. ಅಲ್ಲಿಗೆ ಡಾಲರ್ ಅಂದರೆ ಎರಡೂಕಾಲು ರೂಪಾಯಿ. ಆದರೆ ಅಂತರ್ಯುದ್ಧದ ಖರ್ಚಿಗೆ ಅಮೆರಿಕ ಸುಮ್ನೆ ಕಾಗದದ ಡಾಲರ್ ಅಚ್ಚು ಹಾಕಿತು. 1864ರ ಜುಲೈನಲ್ಲಿ 100 ಚಿನ್ನದ ಡಾಲರಿಗೆ 285 ಕಾಗದದ ಡಾಲರ್ ಕೊಡಬೇಕಾಗಿ ಬಂತು. ಆ ಲೆಕ್ಕದಲ್ಲಿ ನಮ್ಮ ಒಂದು ಬೆಳ್ಳಿ ರೂಪಾಯಿಗೆ ಒಂದೂಕಾಲು ಕಾಗದದ ಡಾಲರ್ ಆಗುತ್ತದೆ!

ಅದೇ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಹತ್ತಿ ಹೇರಿದ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1865ರಲ್ಲಿ ಯುದ್ಧ ಮುಗಿಯಿತು. ಕಾಗದದ ಡಾಲರ್ ಚೇತರಿಸಿಕೊಂಡಿತು, ಹತ್ತಿಯ ಬೆಲೆ ಕುಸಿಯಿತು.