ಅಲೆ ಬಂದ ದಾರಿಯನ್ನೂ ಕೇಳುವವರು

ಆಕಾಶವಾಣಿ ಕಲಬುರಗಿಗೆ ಮಧ್ಯಮ ತರಂಗದಲ್ಲಿ ಗೊತ್ತುಮಾಡಿದ ಸಂಖ್ಯೆ 1107 ಕಿಲೋಹರ್ಟ್ಸ್. ಬೆಂಗಳೂರಿಗೆ 612, ಧಾರವಾಡಕ್ಕೆ 765, ಹೈದರಾಬಾದಿಗೆ 738. ಈ ನಾಲ್ಕೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತವೆ. 1975ರ ಜಿನೀವಾ ಒಪ್ಪಂದದ ಪ್ರಕಾರ ಏಷ್ಯಾ, ಯುರೋಪ್ ಮತ್ತು ಆಫ್ರಿಕಾಗಳ ಮಧ್ಯಮ ತರಂಗ ಕೇಂದ್ರಗಳನ್ನು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಲಾಗಿದೆ. ಅಮೆರಿಕ ಖಂಡಗಳಲ್ಲಿ ಈ ಅಂತರ ಹತ್ತು. ರಾತ್ರಿ ಡಯಲ್ ತಿರುಗಿಸುತ್ತ ಹೋದಾಗ ಕ್ಷೀಣವಾಗಿ ಕೇಳಿಬರುವ, ಯಾವ ಭಾಷೆಯೆಂದೂ ತಿಳಿಯದ ಕೇಂದ್ರವನ್ನು ಗುರುತಿಸಹೊರಟವರಿಗೆ ಈ ಒಂಬತ್ತರ ಲೆಕ್ಕವೇ ಮೊದಲ ಸುಳಿವು.

ದೂರದ ಕೇಂದ್ರಗಳನ್ನು ಹೀಗೆ ಹುಡುಕಿ ಕೇಳುವುದಕ್ಕೆ ಹವ್ಯಾಸಿಗಳು ಡಿಎಕ್ಸಿಂಗ್ ಎನ್ನುತ್ತಾರೆ. ಅದೇ ಕಾರ್ಯಕ್ರಮ ಮೊಬೈಲಿನಲ್ಲಿ ಸ್ವಚ್ಛವಾಗಿ ಸಿಗುವಾಗ ಈ ಶ್ರಮ ಯಾಕೆ ಎಂದು ಕೇಳುವವರಿದ್ದಾರೆ. ರೇಡಿಯೊದಲ್ಲಿ ಕಾರ್ಯಕ್ರಮದ ಜೊತೆಗೆ ಅಲೆ ಸಾಗಿ ಬಂದ ದಾರಿಯೂ ಕಿವಿಗೆ ಬೀಳುತ್ತದೆ, ಇಂಟರ್ನೆಟ್ಟಿನಲ್ಲಿ ಆ ದಾರಿ ಅಳಿಸಿಹೋಗಿರುತ್ತದೆ ಎಂಬುದು ನನ್ನ ಉತ್ತರ.

ಹಗಲಿನಲ್ಲಿ ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗುತ್ತದೆ, ಹಾಗಾಗಿ ನೆಲದ ಗುಣ ಇಲ್ಲಿ ಮುಖ್ಯವಾಗುತ್ತದೆ. ಕಲಬುರಗಿಯ ಸುತ್ತಲಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಅಲೆ ಅದರ ಮೇಲೆ ಕಡಿಮೆ ನಷ್ಟದಲ್ಲಿ ಸಾಗುತ್ತದೆ; ಯಾದಗಿರಿ ಕಡೆಯ ಕಲ್ಲುಗುಡ್ಡಗಳ ನೆಲ ಅಷ್ಟು ಅನುಕೂಲವಲ್ಲ. ಆಕಾಶಕ್ಕೆ ಹೋದ ಅಲೆಯನ್ನು ಹಗಲಿನಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿರುವ, ಬಿಸಿಲಿನಿಂದ ಹುಟ್ಟಿದ ಡಿ ಪದರವು ಹೀರಿಕೊಂಡುಬಿಡುತ್ತದೆ. ಸೂರ್ಯ ಮುಳುಗುತ್ತಿದ್ದಂತೆ ಆ ಪದರದ ಎಲೆಕ್ಟ್ರಾನುಗಳು ಅಯಾನುಗಳೊಂದಿಗೆ ಮತ್ತೆ ಕೂಡಿಕೊಂಡು ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿರುವ ಪದರಗಳವರೆಗೆ ಏರಿ, ಅಲ್ಲಿಂದ ಬಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಸಂಜೆಯ ಆ ಅರ್ಧ ತಾಸು ಡಯಲಿನ ಮೇಲೆ ಕೈಯಿಟ್ಟು ಕೂತವರಿಗೆ, ಖಾಲಿಯಿದ್ದ ಸಂಖ್ಯೆಗಳಲ್ಲಿ ಒಂದೊಂದಾಗಿ ಧ್ವನಿಗಳು ಮೂಡುವುದು ಕೇಳಿಸುತ್ತದೆ. ರಾತ್ರಿ ದೂರದ ಕೇಂದ್ರವೊಂದರ ಧ್ವನಿ ಉಬ್ಬಿ, ತಗ್ಗಿ, ಮತ್ತೆ ಉಬ್ಬುವುದಕ್ಕೆ ರೇಡಿಯೊದ ದೋಷ ಕಾರಣವಲ್ಲ: ಬೇರೆಬೇರೆ ದಾರಿಗಳಿಂದ ಬಂದ ಅಲೆಗಳು ಆಂಟೆನಾದಲ್ಲಿ ಕೂಡಿ, ಒಮ್ಮೆ ಒಂದನ್ನೊಂದು ಬಲಪಡಿಸುತ್ತವೆ, ಇನ್ನೊಮ್ಮೆ ಅಳಿಸಿಹಾಕುತ್ತವೆ.

ಈ ಹವ್ಯಾಸಕ್ಕೆ ಇಂದು ದೊಡ್ಡ ಅಡ್ಡಿ ಮನೆಯೊಳಗೇ ಇದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲವೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ, ಆ ಕಡಿತದ ಕಸವೆಲ್ಲ ರೇಡಿಯೊ ಪಟ್ಟಿಯ ಮೇಲೆ ಚೆಲ್ಲಿಹೋಗುತ್ತದೆ. ಓಣಿಯಲ್ಲಿ ಕರೆಂಟ್ ಹೋದ ಕ್ಷಣ ಇದು ಸ್ಪಷ್ಟವಾಗುತ್ತದೆ: ಗುಂಯ್ ಎನ್ನುತ್ತಿದ್ದ ಸದ್ದು ಥಟ್ಟನೆ ನಿಂತು, ಅದರಡಿ ಹೂತಿದ್ದ ಕೇಂದ್ರಗಳು ಎದ್ದುಬರುತ್ತವೆ; ಪಕ್ಕದ ಮನೆಯ ಇನ್ವರ್ಟರ್ ಚಾಲೂ ಆಗುವವರೆಗೆ ಅವಕಾಶವಿದೆ. ಬ್ಯಾಟರಿಯ ಟ್ರಾನ್ಸಿಸ್ಟರ್ ಹಿಡಿದು ಮಾಳಿಗೆ ಹತ್ತಿದರೆ ಅರ್ಧ ಕಷ್ಟ ತೀರುತ್ತದೆ. ಉಳಿದದ್ದಕ್ಕೆ ರೇಡಿಯೊದೊಳಗೆ ಆಂಟೆನಾದ ಕೆಲಸ ಮಾಡುವ ಫೆರೈಟ್ ಕಡ್ಡಿ ನೆರವಾಗುತ್ತದೆ. ಕಡ್ಡಿಯ ತುದಿ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಿಂದ ಬರುವ ಅಲೆ ಬಹುಮಟ್ಟಿಗೆ ಕೇಳಿಸದಾಗುತ್ತದೆ. ಹಾಗಾಗಿ ಇಡೀ ರೇಡಿಯೊವನ್ನೇ ನಿಧಾನವಾಗಿ ತಿರುಗಿಸಿ ಬೇಡದ ಕೇಂದ್ರವನ್ನು ಕುಗ್ಗಿಸಿ, ಅದೇ ಸಂಖ್ಯೆಯಲ್ಲಿ ಅದರ ಹಿಂದೆ ಅಡಗಿರುವ ಇನ್ನೊಂದನ್ನು ಹೊರಗೆಳೆಯಬಹುದು. ಹೊಸಬರಿಗೆ ನಾನು ಮೊದಲು ಕಲಿಸಬಯಸುವುದು ಇದನ್ನೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಉಪಾಯ ಕಡಿಮೆ, ಏಕೆಂದರೆ ಎಲ್ಲೋ ದಿಗಂತದಾಚೆ ಹೊಡೆಯುವ ಸಿಡಿಲು ನಮ್ಮ ಕಣ್ಣಿಗೆ ಮೋಡ ಕಾಣುವ ಮೊದಲೇ ರೇಡಿಯೊದಲ್ಲಿ ಚಟಚಟ ಎನ್ನತೊಡಗುತ್ತದೆ.

ಕೇಂದ್ರಗಳು ಕಡಿಮೆಯಾಗಿರುವುದೂ ನಿಜ. ಈ ಭಾಗದ ಹಳ್ಳಿಗಳಲ್ಲೂ ಕೇಳುಗರಿದ್ದ ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ರಂದು ನಿಂತುಹೋದದ್ದು ನನ್ನನ್ನು ಈಗಲೂ ಕಾಡುತ್ತದೆ.

ಆದರೆ ಇಂಟರ್ನೆಟ್ಟು ಈ ಹವ್ಯಾಸವನ್ನು ಕೊಂದಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ರೇಡಿಯೊ ಗ್ರಾಹಕವನ್ನು ಬೀದರಿನ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಿಂದಲೇ ನಡೆಸಿ, ಅಲ್ಲಿಯ ಆಕಾಶದಲ್ಲಿ ಆ ಕ್ಷಣ ಏನು ಕೇಳಿಸುತ್ತಿದೆ ಎಂದು ತನ್ನ ಮಾಳಿಗೆಯ ಮೇಲಿನದಕ್ಕೆ ಹೋಲಿಸಿ ನೋಡಬಹುದು. ಟಿವಿ ನೋಡಲೆಂದು ತಯಾರಾದ ಅಗ್ಗದ ಯುಎಸ್‌ಬಿ ಡಾಂಗಲ್ ಕಂಪ್ಯೂಟರಿನ ನೆರವಿನಿಂದ ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗಿನ ರೇಡಿಯೊ ಆಗಬಲ್ಲದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳಲ್ಲಿ ಹರಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು 145.800 ಮೆಗಾಹರ್ಟ್ಸ್‌ನಲ್ಲಿ ಆಗಾಗ ಕಳಿಸುವ ಚಿತ್ರಗಳನ್ನು ಅದರಿಂದ ಹಿಡಿಯಬಹುದು. ಎಲ್ಲಕ್ಕಿಂತ ಸರಳವಾದ ಉಪಯೋಗ ಗುರುತು ಪತ್ತೆಯದು. ಕ್ಷೀಣವಾಗಿ ಕೇಳುತ್ತಿರುವುದು ಬೆಂಗಳೂರು ಎಂಬ ಅನುಮಾನವಿದ್ದರೆ ಆಕಾಶವಾಣಿಯ ಆ್ಯಪ್‌ನಲ್ಲಿ ಅದೇ ಕೇಂದ್ರವನ್ನು ಹಾಕಿ ಎರಡನ್ನೂ ಹೋಲಿಸುತ್ತೇವೆ: ಸುಮಾರು 500 ಕಿಲೋಮೀಟರ್ ದಾಟಲು ರೇಡಿಯೊ ಅಲೆಗೆ ಎರಡು ಮಿಲಿಸೆಕೆಂಡೂ ಬೇಕಿಲ್ಲ, ಮೊಬೈಲಿನಲ್ಲಿ ಅದೇ ಮಾತು ಹಲವು ಸೆಕೆಂಡು ತಡವಾಗಿ ಬರುತ್ತದೆ. ದೂರದ ಗ್ರಾಹಕದಲ್ಲಿ ಕೇಳಿದ್ದನ್ನು ತನ್ನ ಮನೆಯಲ್ಲಿ ಕೇಳಿದ್ದೆಂದು ಬರೆಯುವುದು ಮಾತ್ರ ಸಲ್ಲದು.

ಪ್ರಸಾರ ಕೇಳಲು ಈಗ ಲೈಸೆನ್ಸ್ ಬೇಡ. ಹ್ಯಾಮ್ ಆಗಿ, ಅಂದರೆ ಸ್ವಂತ ಹವ್ಯಾಸಿ ರೇಡಿಯೊ ಕೇಂದ್ರದಿಂದ, ಮಾತಾಡಬೇಕೆಂದರೆ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಲೇಬೇಕು.

ಕೇಳಿದ್ದನ್ನು ಕೇಂದ್ರಕ್ಕೆ ವರದಿ ಮಾಡಿದರೆ ಹಲವು ಕೇಂದ್ರಗಳು ಕ್ಯೂಎಸ್‌ಎಲ್ ಕಾರ್ಡ್ ಕಳಿಸಿ ದೃಢೀಕರಿಸುತ್ತವೆ. ಸಂಕೇತದ ಬಲ, ಬೇರೆ ಕೇಂದ್ರಗಳ ಅಡ್ಡಿ, ಗದ್ದಲ, ಏರಿಳಿತ, ಒಟ್ಟಾರೆ ಗುಣ ಎಂಬ ಐದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಟ್ಟು, ಕಾರ್ಯಕ್ರಮದಲ್ಲಿ ಕೇಳಿಸಿದ ಎರಡು ಮೂರು ವಿವರಗಳನ್ನು ಸೇರಿಸಿ ಬರೆಯುವುದು ರೂಢಿ. ಸಮಯವನ್ನು ವಿಶ್ವ ಸಮಯದಲ್ಲಿ, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆದು ಬರೆಯಬೇಕು. ರಾತ್ರಿ ಎರಡಕ್ಕೆ ಕೇಳಿದ ಕೇಂದ್ರಕ್ಕೆ ಹಿಂದಿನ ದಿನದ ತಾರೀಖು ಬೀಳುತ್ತದೆ.